ನಿಮ್ಮ ನಾಯಿಗೆ ಯಾವ ಲಿಕ್ ಮ್ಯಾಟ್? ಆರಿಸುವುದು, ತುಂಬುವುದು, ತೊಳೆಯುವುದು

ಬೆಂಗಳೂರಿನಲ್ಲಿ ನಾಯಿ ಸಾಕಿದವರು ಈಚೆಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಲಿಕ್ ಮ್ಯಾಟ್ ತಗೊಳ್ಳಬೇಕು ಅಂತಿದ್ದೀವಿ, ಯಾವುದು ಒಳ್ಳೆಯದು?" ಈಗಾಗಲೇ ಕೊಂಡವರದು ಬೇರೆ ದೂರು. ಕೆಲವರ ನಾಯಿ ಮೊದಲ ದಿನವೇ ಮ್ಯಾಟಿನ ಮೂಲೆ ಕಚ್ಚಿ ಹರಿದಿರುತ್ತದೆ. ಇನ್ನು ಕೆಲವರ ಮ್ಯಾಟು ಎರಡು ವಾರಕ್ಕೇ ಮುಗ್ಗಲು ವಾಸನೆ ಹಿಡಿದು, ಎಷ್ಟು ತೊಳೆದರೂ ಹೋಗುವುದಿಲ್ಲ. ಬಣ್ಣ, ಬೆಲೆ, ಚಿತ್ರದಲ್ಲಿ ಕಾಣುವ ಚೆಂದದ ವಿನ್ಯಾಸ ನೋಡಿ ಕೊಂಡರೆ ಹೀಗಾಗುತ್ತದೆ. ನೋಡಬೇಕಾದದ್ದು ಮೂರು: ನಾಯಿಯ ಬಾಯಿ, ನಿಮ್ಮ ಮನೆಯ ನೆಲ, ಮತ್ತು ಆ ಮ್ಯಾಟನ್ನು ನೀವು ದಿನವೂ ತೊಳೆಯಬಲ್ಲಿರಾ ಎಂಬುದು. ಮೂರನೆಯದನ್ನು ಹೆಚ್ಚಿನವರು ಕೊಂಡ ಮೇಲೆ ಯೋಚಿಸುತ್ತಾರೆ. ನಮ್ಮ ಮಟ್ಟಿಗೆ ಅದೇ ಮೊದಲು ಬರಬೇಕು.

ಹೊಸಬರಿಗಾಗಿ ಒಂದು ಮಾತು. ಲಿಕ್ ಮ್ಯಾಟ್ ಎಂದರೆ ಸಿಲಿಕೋನ್ ಅಥವಾ ರಬ್ಬರಿನ ಚಪ್ಪಟೆ ಹಾಳೆ. ಅದರ ಮೇಲೆಲ್ಲ ಏಣು, ಗುಳಿ, ಸಣ್ಣ ಮೊಳೆಗಳಂಥ ಉಬ್ಬುಗಳಿರುತ್ತವೆ. ಮೊಸರು, ಬೇಯಿಸಿದ ಕುಂಬಳದಂಥ ಮೆತ್ತನೆಯ ಆಹಾರವನ್ನು ಅದಕ್ಕೆ ಸವರಿ ಕೊಟ್ಟರೆ ನಾಯಿ ಹತ್ತು ಹದಿನೈದು ನಿಮಿಷ ನೆಕ್ಕುತ್ತಾ ಕೂರುತ್ತದೆ. ಸಾಕುನಾಯಿಗಳ ವಿಷಯದಲ್ಲಿ ಎನ್‌ರಿಚ್‌ಮೆಂಟ್ ಎನ್ನುವುದು ಇದನ್ನೇ: ಮನೆಯೊಳಗೆ ಸುಮ್ಮನೆ ಬಿದ್ದಿರುವ ನಾಯಿಯ ಮೂಗಿಗೆ, ನಾಲಿಗೆಗೆ, ತಲೆಗೆ ಅದರ ಸ್ವಭಾವಕ್ಕೆ ಒಪ್ಪುವ ಕೆಲಸ ಕೊಡುವುದು. ಮ್ಯಾಟು ವಾಕಿಂಗಿಗೆ ಬದಲಿಯಲ್ಲ. ಒಂಟಿಯಾಗಿ ಬಿಟ್ಟರೆ ಗೋಳಿಡುವ, ಬಾಗಿಲು ಪರಚುವ ನಾಯಿಗೆ ಅದು ಚಿಕಿತ್ಸೆಯೂ ಅಲ್ಲ.

1. ಕೊಳ್ಳುವ ಮೊದಲು ಇಡ್ಲಿ ತಟ್ಟೆಯಲ್ಲಿ ನೋಡಿ

ಮನೆಯಲ್ಲಿರುವ ಸ್ಟೀಲಿನ ಇಡ್ಲಿ ತಟ್ಟೆಯೊಂದನ್ನು ತೆಗೆದುಕೊಳ್ಳಿ. ಪ್ರತಿ ಗುಳಿಗೂ ಅರ್ಧ ಟೀ ಚಮಚದಷ್ಟು ಸಪ್ಪೆ ಮೊಸರು ತೆಳ್ಳಗೆ ಸವರಿ ನೆಲದ ಮೇಲಿಡಿ. ಅಂಚು ಮುರಿದ ಹಳೆಯ ತಟ್ಟೆ ಬೇಡ, ನಾಲಿಗೆ ಕುಯ್ಯುತ್ತದೆ. ನೀವು ಎರಡು ಅಡಿ ದೂರದಲ್ಲಿ ಕುಳಿತು ಸುಮ್ಮನೆ ಗಮನಿಸಿ.

ನಾಲಿಗೆಯಿಂದಲೇ ನೆಕ್ಕಿ, ಮುಗಿದ ಮೇಲೆ ತಟ್ಟೆ ಬಿಟ್ಟು ಹೋದರೆ ಯಾವ ಬಗೆಯ ಮ್ಯಾಟಾದರೂ ನಡೆಯುತ್ತದೆ. ಮುಂದಿನ ಹಲ್ಲಿನಿಂದ ಕೆರೆಯುತ್ತಿದ್ದರೆ ತೆಳುವಾದ, ಮೆತ್ತನೆಯ ಮ್ಯಾಟು ಬೇಡ. ತಟ್ಟೆಯನ್ನೇ ಕಚ್ಚಿಕೊಂಡು ಮಂಚದ ಕೆಳಗೆ ಓಡಿದರೆ, ನೆಲಕ್ಕೆ ಅಂಟಿಕೊಳ್ಳುವ ಮ್ಯಾಟೂ ನಿಮ್ಮ ಕಣ್ಗಾವಲೂ ಎರಡೂ ಬೇಕು. ಹತ್ತಿರ ಹೋದಾಗ ಮೈ ಬಿಗಿ ಹಿಡಿದು, ತಟ್ಟೆಯ ಮೇಲೆ ತಲೆ ಬಾಗಿಸಿ ಗುರ್ ಎಂದರೆ ಮ್ಯಾಟು ಕೊಳ್ಳುವುದನ್ನು ಸದ್ಯಕ್ಕೆ ಮುಂದೂಡಿ. ಬೀದಿಯಿಂದ ತಂದು ಸಾಕಿದ ನಾಯಿಗಳಲ್ಲಿ ಹೀಗೆ ಆಹಾರ ಕಾಯುವುದು ಕೆಲವೊಮ್ಮೆ ಕಾಣುತ್ತದೆ. ಅದು ಮೊಂಡುತನವಲ್ಲ, ಹಸಿವಿನ ದಿನಗಳು ಕಲಿಸಿದ ಪಾಠ. ಮೊದಲು ಒಬ್ಬ ಒಳ್ಳೆಯ ತರಬೇತುದಾರರಿಗೆ ತೋರಿಸಿ.

2. ಯಾವ ಹೊತ್ತಿಗೆ ಬೇಕು ಎಂದು ನಿರ್ಧರಿಸಿ

"ಸುಮ್ಮನೆ ಇರಲಿ" ಎಂದು ತಂದ ಮ್ಯಾಟು ಅಡುಗೆಮನೆಯ ಕಪಾಟು ಸೇರುತ್ತದೆ. ಉಪಯೋಗ ಗೊತ್ತಿದ್ದರೆ ಆಕಾರ ತಾನಾಗಿ ಗೊತ್ತಾಗುತ್ತದೆ.

ಸ್ನಾನ ಮಾಡಿಸುವಾಗ, ಉಗುರು ಕತ್ತರಿಸುವಾಗ ಬೇಕಾದರೆ ಗೋಡೆಗೆ ಅಂಟಿಸಬಹುದಾದ ಮ್ಯಾಟು ಸರಿ, ಅಂದರೆ ಹಿಂಬದಿಯಲ್ಲಿ ಸಕ್ಷನ್ ಕಪ್ ಇರುವಂಥದ್ದು. ಸಕ್ಷನ್ ಕಪ್ ಎಂದರೆ ಒತ್ತಿದಾಗ ಗಾಳಿ ಹೊರಹೋಗಿ ಗೋಡೆಗೆ ಕಚ್ಚಿಕೊಳ್ಳುವ ರಬ್ಬರ್ ಬಟ್ಟಲು. ಊಟವನ್ನು ಗಬಗಬ ನುಂಗುವ ಲ್ಯಾಬ್ರಡಾರ್, ಬೀಗಲ್ ಥರದ ನಾಯಿಗೆ ಒಂದು ಹೊತ್ತಿನ ಊಟದ ಒಂದು ಪಾಲು ಹಿಡಿಯುವಷ್ಟು ದೊಡ್ಡದಾದ, ಸುತ್ತ ಅಂಚು ಎತ್ತರಿಸಿದ ಮ್ಯಾಟು ಬೇಕು. ಮನೆಗೆ ನೆಂಟರು ಬಂದಾಗ, ನೀವು ಆಫೀಸಿನ ಕಾಲ್‌ನಲ್ಲಿದ್ದಾಗ ನಾಯಿ ಒಂದು ಮೂಲೆಯಲ್ಲಿ ತೊಡಗಿರಲಿ ಎಂದಾದರೆ ಫ್ರೀಜರಿನಲ್ಲಿ ಚಪ್ಪಟೆಯಾಗಿ ಕೂರುವ ಗಾತ್ರದ್ದನ್ನು ಆರಿಸಿ. ಕೊಳ್ಳುವ ಮೊದಲು ನಿಮ್ಮ ಫ್ರೀಜರಿನ ಅಗಲ ಅಳೆದುಕೊಳ್ಳಿ.

ದೀಪಾವಳಿಯ ಪಟಾಕಿಗೆಂದು ಕೊಳ್ಳುವವರೂ ಬಹಳ. ಅವರು ಹಬ್ಬದ ಹಿಂದಿನ ದಿನ ತರುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ದಸರಾ ಹೊತ್ತಿಗೇ ತಂದು, ಮನೆ ಶಾಂತವಾಗಿರುವಾಗ ವಾರಕ್ಕೆ ಮೂರು ನಾಲ್ಕು ಸಲ ಕೊಟ್ಟು ರೂಢಿ ಮಾಡಿಸಿದ್ದರೆ ಮಾತ್ರ ಪಟಾಕಿಯ ರಾತ್ರಿ ಅದು ಸ್ವಲ್ಪ ನೆರವಾದೀತು. ನಡುಗುತ್ತಾ, ತೇಕುತ್ತಾ, ಇಷ್ಟದ ತಿಂಡಿಯನ್ನೂ ಮೂಸದ ನಾಯಿಯ ಮುಂದೆ ಮ್ಯಾಟು ಒಡ್ಡಬೇಡಿ. ಆ ಮಟ್ಟದ ಭಯಕ್ಕೆ ಪಶುವೈದ್ಯರು ಕೊಡುವ ಔಷಧವಿದೆ. ಹಬ್ಬಕ್ಕೆ ಎರಡು ಮೂರು ವಾರ ಮೊದಲೇ ಅವರನ್ನು ಕಾಣಿ.

3. ನಾಯಿಯ ಮೂತಿ ನೋಡಿ ವಿನ್ಯಾಸ ಆರಿಸಿ

ಪಗ್, ಶಿಟ್ಜು, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ನಾಯಿಗಳಿಗೆ ನಾಲಿಗೆ ಹೆಚ್ಚು ದೂರ ಚಾಚುವುದಿಲ್ಲ, ಮೂಗು ಮ್ಯಾಟಿಗೆ ಒತ್ತಿಕೊಂಡರೆ ಉಸಿರಿಗೂ ಕಷ್ಟ. ಅವುಗಳಿಗೆ ಗುಳಿಯ ಆಳ ಮೂರು ನಾಲ್ಕು ಮಿಲಿಮೀಟರ್ ಮೀರದಿರಲಿ, ಸುತ್ತ ಎತ್ತರದ ಅಂಚೂ ಬೇಡ. ಮುಧೋಳ, ಡಾಬರ್‌ಮನ್, ನಮ್ಮ ನಾಡತಳಿಯ ನಾಯಿಗಳ ಮೂತಿ ಉದ್ದ. ಅವುಗಳಿಗೆ ಐದಾರು ಮಿಲಿಮೀಟರ್ ಆಳದ ಮ್ಯಾಟು ಹೊಂದುತ್ತದೆ. ಆಳ ಕಡಿಮೆಯಾದರೆ ಎರಡೇ ನಿಮಿಷದಲ್ಲಿ ಖಾಲಿ.

ಉಬ್ಬುಗಳ ಬಗೆಯನ್ನೂ ನೋಡಿ. ಒತ್ತೊತ್ತಾದ ಸಣ್ಣ ಮೊಳೆಗಳಿರುವ ಮ್ಯಾಟಿನಲ್ಲಿ ಮೊಸರಿನಂಥ ತೆಳು ಪದಾರ್ಥ ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಅಡ್ಡ ಉದ್ದ ಏಣುಗಳಿಂದಾದ ಚೌಕದ ಗುಳಿಗಳು ಹಿಸುಕಿದ ಕುಂಬಳ, ನೆನೆಸಿದ ಒಣ ಆಹಾರದಂಥ ಗಟ್ಟಿ ಪದಾರ್ಥಕ್ಕೆ ಸರಿ. ಅಲೆಯಂತೆ ಬಳುಕಿದ ಉದ್ದ ಏಣುಗಳು ಮೊದಲ ಸಲದ ನಾಯಿಗೆ ಅತಿ ಸುಲಭ, ತೊಳೆಯುವುದೂ ಸುಲಭ. ಒಂದೇ ಮ್ಯಾಟಿನಲ್ಲಿ ನಾಲ್ಕು ಭಾಗ ಮಾಡಿ ನಾಲ್ಕು ವಿನ್ಯಾಸ ಕೊಟ್ಟಿರುವುದೂ ಸಿಗುತ್ತದೆ. ನಾಯಿಗೆ ಯಾವುದು ಒಗ್ಗುತ್ತದೆ ಎಂದು ತಿಳಿಯದಿದ್ದಾಗ ಮೊದಲ ಮ್ಯಾಟಾಗಿ ಅದು ಒಳ್ಳೆಯ ಆಯ್ಕೆ.

ಆರೇಳು ಕಿಲೋ ತೂಕದ ನಾಯಿಗೆ ಹದಿನೈದು ಸೆಂಟಿಮೀಟರ್ ಚೌಕ ಸಾಕು. ಮಧ್ಯಮ, ದೊಡ್ಡ ನಾಯಿಗಳಿಗೆ ಇಪ್ಪತ್ತು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದು. ದೊಡ್ಡ ನಾಯಿಗೆ ಬಾಯೊಳಗೆ ಪೂರ್ತಿ ಹಿಡಿಯುವಂಥ ಸಣ್ಣ ಮ್ಯಾಟನ್ನು ಎಂದೂ ಕೊಡಬೇಡಿ.

4. ವಸ್ತು ಯಾವುದು ಎಂದು ಪರೀಕ್ಷಿಸಿ

ಮಾರುಕಟ್ಟೆಯಲ್ಲಿ ಸಿಗುವುದು ಮುಖ್ಯವಾಗಿ ಮೂರು. ಸಿಲಿಕೋನ್ ಕಾವು ತಡೆಯುತ್ತದೆ, ಕುದಿಯುವ ನೀರಿಗೂ ಫ್ರೀಜರಿಗೂ ಹೆದರುವುದಿಲ್ಲ, ಆದರೆ ಕಚ್ಚಿದರೆ ಬೇಗ ಹರಿಯುತ್ತದೆ. ನೈಸರ್ಗಿಕ ರಬ್ಬರ್ ಹಲ್ಲಿಗೆ ಹೆಚ್ಚು ಬಾಳುತ್ತದೆ, ಆದರೆ ಬಿಸಿಲು, ಎಣ್ಣೆ, ಪದೇ ಪದೇ ಕುದಿಸುವುದು ಅದನ್ನು ಹಾಳುಮಾಡುತ್ತವೆ. ಮೂರನೆಯದು ಟಿಪಿಆರ್. ಪ್ಲಾಸ್ಟಿಕ್ಕಿನಂತೆ ಕರಗಿಸಿ ಅಚ್ಚು ಹಾಕುವ, ರಬ್ಬರಿನಂತೆ ಬಳುಕುವ ವಸ್ತು ಇದು. ಹೆಸರಾಂತ ಹಲವು ಮ್ಯಾಟುಗಳು ಇದರವೇ. ಇದನ್ನು ಕುದಿಸಬಾರದು, ಆಕಾರ ಕೆಡುತ್ತದೆ. ಇದೇ ಟಿಪಿಆರ್ ಹಾಳೆಯನ್ನು ಗಟ್ಟಿ ಪ್ಲಾಸ್ಟಿಕ್ ತಳಕ್ಕೆ ಕೂರಿಸಿದ ಮ್ಯಾಟುಗಳೂ ಇವೆ. ಹಲ್ಲಿನಿಂದ ಕೆರೆಯುವ ನಾಯಿಗೆ ನಾವು ಸೂಚಿಸುವುದು ಇದನ್ನೇ. ಮಡಚಲು ಬಾರದ್ದರಿಂದ ನಾಯಿಗೆ ಮೂಲೆ ಎತ್ತಿ ಕಚ್ಚಲು ಸಿಗುವುದಿಲ್ಲ.

ಪಿವಿಸಿ ಎಂದು ಬರೆದಿದ್ದರೆ, ಅಥವಾ ಏನೂ ಬರೆಯದೆ ಹೊಸ ಮಳೆಕೋಟಿನಂಥ ಘಾಟು ಬರುತ್ತಿದ್ದರೆ ಬಿಟ್ಟುಬಿಡಿ. ಪ್ಯಾಕೆಟ್ಟಿನ ಮೇಲೆ ಫುಡ್ ಗ್ರೇಡ್ ಎಂದಷ್ಟೇ ಇದ್ದರೆ ಅದನ್ನು ಪೂರ್ತಿ ನಂಬಬೇಕಿಲ್ಲ. ಆಹಾರಕ್ಕೆ ತಾಗುವ ವಸ್ತುಗಳಿಗೆ ಅಮೆರಿಕದ ಎಫ್‌ಡಿಎ ನಿಯಮವಿದೆ, ಜರ್ಮನಿಯ ಎಲ್‌ಎಫ್‌ಜಿಬಿ ಎಂಬ ಇನ್ನೂ ಬಿಗಿಯಾದ ಪರೀಕ್ಷೆಯಿದೆ. ಯಾವ ಪರೀಕ್ಷೆ ಆಗಿದೆ ಎಂದು ಮಾರುವವರನ್ನು ಕೇಳಿ. ಗೊತ್ತಿದ್ದವರು ಕೂಡಲೇ ಹೇಳುತ್ತಾರೆ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿವು. ಸಿಲಿಕೋನ್ ಮ್ಯಾಟಿನ ಒಂದು ಮೂಲೆಯನ್ನು ಬಲವಾಗಿ ತಿರುಚಿ ಹಿಡಿಯಿರಿ. ತಿರುಚಿದ ಜಾಗ ಬೆಳ್ಳಗಾದರೆ ಅಗ್ಗದ ಪುಡಿ ಬೆರೆಸಿರುವ ಸಾಧ್ಯತೆ ಹೆಚ್ಚು. ಬಿಳಿ ಮ್ಯಾಟಿನಲ್ಲಿ ಇದು ಕಾಣುವುದಿಲ್ಲ, ಹಾಗಾಗಿ ಗಾಢ ಬಣ್ಣದ್ದನ್ನೇ ನೋಡಿ. ಒಂದು ಮೊಳೆಯನ್ನು ಉಗುರಿನಲ್ಲಿ ಹಿಡಿದು ಎಳೆಯಿರಿ. ಕಿತ್ತು ಬರುವ ಹಾಗಿದ್ದರೆ ನಾಯಿಯ ಹಲ್ಲಿಗೆ ಅದು ಯಾವ ಲೆಕ್ಕ! ಅಂಗೈಯಿಂದ ಉಜ್ಜಿ ಮೂಸಿ ನೋಡಿ. ನಿಮಗೆ ಸ್ವಲ್ಪ ಬರುವ ವಾಸನೆ ನಾಯಿಯ ಮೂಗಿಗೆ ತುಂಬಾ ದೊಡ್ಡದು.

ಆನ್‌ಲೈನ್ ತರಿಸುವವರಿಗೆ ಈ ಸೌಕರ್ಯವಿಲ್ಲ. ಅವರು ವಾಪಸ್ ಕೊಡುವ ಅವಕಾಶವಿದ್ದರೆ ಮಾತ್ರ ಕೊಂಡು, ತೊಳೆಯುವ ಮೊದಲೇ ಇವೆಲ್ಲ ಪರೀಕ್ಷೆ ಮಾಡಲಿ. ಬೆಲೆ ಇನ್ನೂರು ಚಿಲ್ಲರೆಯಿಂದ ಸಾವಿರ ದಾಟುವವರೆಗೂ ಇದೆ. ದುಬಾರಿ ಎಂದ ಮಾತ್ರಕ್ಕೆ ಒಳ್ಳೆಯದೆಂದೇನೂ ಇಲ್ಲ.

5. ನಿಮ್ಮ ಮನೆಯ ನೆಲಕ್ಕೆ ಅಂಟುತ್ತದೆಯೇ?

ಸಕ್ಷನ್ ಕಪ್ ಕೆಲಸ ಮಾಡುವುದು ನುಣುಪಾದ, ಗಾಳಿ ಸೋರದ ಮೇಲ್ಮೈಯಲ್ಲಿ ಮಾತ್ರ. ಹೊಸ ಅಪಾರ್ಟ್‌ಮೆಂಟಿನ ವಿಟ್ರಿಫೈಡ್ ಟೈಲ್ಸ್, ಪಾಲಿಶ್ ಮಾಡಿದ ಗ್ರಾನೈಟ್, ಗಾಜಿನ ಬಾಗಿಲು ಇವಕ್ಕೆ ಚೆನ್ನಾಗಿ ಕಚ್ಚುತ್ತದೆ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ, ಕಡಪ ಕಲ್ಲು, ಸವೆದ ಮೊಸಾಯಿಕ್, ಜಾರದಂತೆ ಒರಟು ಮಾಡಿದ ಬಾತ್‌ರೂಮ್ ಟೈಲ್ಸ್ ಇವುಗಳಲ್ಲಿ ಕಣ್ಣಿಗೆ ಕಾಣದ ಗೀರುಗಳಿಂದ ಗಾಳಿ ಒಳನುಗ್ಗುತ್ತದೆ. ಅಂಟಿದಂತೆ ಕಂಡರೂ ನಿಮಿಷದಲ್ಲಿ ಬಿಟ್ಟುಕೊಳ್ಳುತ್ತದೆ. ಇಂಥ ಮನೆಗೆ ಸಕ್ಷನ್ ಕಪ್‌ಗೆಂದು ಹೆಚ್ಚು ದುಡ್ಡು ಕೊಡುವುದು ದಂಡ. ಒದ್ದೆ ಟವೆಲ್ಲನ್ನು ಹಿಂಡಿ ನೆಲಕ್ಕೆ ಹಾಸಿ, ಅದರ ಮೇಲೆ ಅಂಚಿರುವ ಭಾರದ ಸ್ಟೀಲ್ ಟ್ರೇ, ಟ್ರೇ ಒಳಗೆ ಮ್ಯಾಟು. ಚೆಲ್ಲಿದ್ದೂ ಟ್ರೇಯಲ್ಲೇ ಉಳಿಯುತ್ತದೆ.

ಬಾತ್‌ರೂಮ್ ಗೋಡೆಗೆ ಅಂಟಿಸುವಾಗ ಮೊದಲು ಟೈಲ್ಸನ್ನು ಒರೆಸಿ. ಬೋರ್‌ವೆಲ್ ನೀರಿನ ಬಿಳಿ ಪದರ, ಸೋಪಿನ ಜಿಡ್ಡು ಇದ್ದರೆ ಕಪ್ ಹಿಡಿಯುವುದಿಲ್ಲ. ಮ್ಯಾಟು ಟೈಲ್ಸಿನ ಸಂದಿಯ ಮೇಲೆ ಬೀಳದಂತೆ, ಒಂದೇ ಟೈಲಿನೊಳಗೆ ಕೂರಲಿ. ಕಪ್ಪಿಗೆ ಒಂದೆರಡು ಹನಿ ನೀರು ಸವರಿ, ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಅರ್ಧ ನಿಮಿಷ ಬಿಟ್ಟು ಎಳೆದು ನೋಡಿ. ಎತ್ತರ ನಾಯಿಯ ಮೂಗಿನ ಮಟ್ಟಕ್ಕಿರಲಿ. ಕತ್ತು ಮೇಲೆತ್ತಿ ನೆಕ್ಕುವಂತಾದರೆ ನೋವಾಗುತ್ತದೆ, ನುಂಗಲೂ ಕಷ್ಟ. ಕಾಲ ಕೆಳಗೆ ರಬ್ಬರ್ ಹಾಸು ಹಾಕುವುದನ್ನು ಮರೆಯಬೇಡಿ. ನಾಯಿ ಸ್ನಾನಕ್ಕೆ ಹೆದರುವುದು ಎಷ್ಟೋ ಸಲ ನೀರಿಗಲ್ಲ, ಜಾರುವ ನೆಲಕ್ಕೆ.

ಬಿಡಿಯಾಗಿ ಸಿಕ್ಕಿಸಿದ ಸಕ್ಷನ್ ಕಪ್‌ಗಳಿರುವ ಮ್ಯಾಟು ಬೇಡ. ಕಿತ್ತು ಬಂದ ಕಪ್ ನಾಯಿಯ ಗಂಟಲಿಗೆ ಹೇಳಿ ಮಾಡಿಸಿದ ಗಾತ್ರದ್ದು. ಮ್ಯಾಟಿನ ಜೊತೆಗೇ ಒಂದೇ ಅಚ್ಚಿನಲ್ಲಿ ಮೂಡಿದ ಕಪ್‌ಗಳಿರಬೇಕು.

6. ಕಿರುಬೆರಳಿನ ಪರೀಕ್ಷೆ

ಅಂಗಡಿಯಿಂದ ಹೊರಡುವ ಮುನ್ನ ಇದೊಂದನ್ನು ಮಾಡಿ. ಮ್ಯಾಟಿನ ಅತಿ ಇಕ್ಕಟ್ಟಾದ ಗುಳಿಯೊಳಗೆ ಕಿರುಬೆರಳಿನ ತುದಿ ಇಳಿಸಿ. ತಳ ಮುಟ್ಟಿದರೆ ಹಲ್ಲುಜ್ಜುವ ಬ್ರಷ್ಷೂ ಮುಟ್ಟುತ್ತದೆ, ನಾಯಿಯ ನಾಲಿಗೆಯೂ ಮುಟ್ಟುತ್ತದೆ. ಮುಟ್ಟದಿದ್ದರೆ ಅಲ್ಲಿ ಆಹಾರ ಉಳಿಯುತ್ತದೆ, ಹುಳಿಯುತ್ತದೆ, ಲೋಳೆ ಕಟ್ಟುತ್ತದೆ. ಒತ್ತೊತ್ತಾದ ಮೊಳೆಗಳ ಮ್ಯಾಟಾದರೆ ಅದನ್ನು ಹಿಂದಕ್ಕೆ ಬಗ್ಗಿಸಿ ನೋಡಿ. ಬಗ್ಗಿಸಿದಾಗ ಮೊಳೆಗಳ ಸಂದು ತೆರೆದು ಬುಡ ಕಾಣಬೇಕು. ಗಟ್ಟಿ ತಳದ ಮ್ಯಾಟಾದರೆ ಮೇಲಿನ ಹಾಳೆ ಕೈಯಿಂದ ಬೇರ್ಪಡಬೇಕು, ಇಲ್ಲವಾದರೆ ಎರಡರ ನಡುವೆ ನೀರು ನಿಲ್ಲುತ್ತದೆ. ಇದರಲ್ಲಿ ಸೋತ ಮ್ಯಾಟು ಉಳಿದೆಲ್ಲದರಲ್ಲಿ ಗೆದ್ದಿದ್ದರೂ ಕೊಳ್ಳಬೇಡಿ.

ಸಾಧ್ಯವಾದರೆ ಎರಡು ಕೊಳ್ಳಿ. ಒಂದು ಒಣಗುತ್ತಿರುವಾಗ ಇನ್ನೊಂದು ಬಳಕೆಗೆ ಬರುತ್ತದೆ.

7. ಏನು ಸವರಬೇಕು, ಎಷ್ಟು

ದಿನದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತರಷ್ಟನ್ನು ಮಾತ್ರ ತಿಂಡಿಗೆಂದು ಬಿಡಬೇಕು ಎಂಬುದು ಪಶುವೈದ್ಯರ ಸಾಮಾನ್ಯ ಸೂತ್ರ. ಸಂತಾನಹರಣ ಮಾಡಿಸಿದ, ಆರೋಗ್ಯವಂತ ವಯಸ್ಕ ನಾಯಿಗೆ ಇದು ಸುಮಾರಾಗಿ ಹೀಗೆ ಬರುತ್ತದೆ: 5 ಕಿಲೋ ನಾಯಿಗೆ ದಿನಕ್ಕೆ 37 ಕ್ಯಾಲೊರಿ, 10 ಕಿಲೋ ನಾಯಿಗೆ 63, 25 ಕಿಲೋ ನಾಯಿಗೆ 125. ಒಂದು ಟೇಬಲ್ ಚಮಚ ಪೀನಟ್ ಬಟರಿನಲ್ಲೇ ಸುಮಾರು 95 ಕ್ಯಾಲೊರಿ ಇದೆ. ಹತ್ತು ಕಿಲೋ ನಾಯಿಗೆ ಅಷ್ಟು ಬಳಿದು ಕೊಟ್ಟರೆ ಆ ದಿನದ ತಿಂಡಿಯ ಪಾಲು ಒಂದೂವರೆ ಪಟ್ಟಾಯಿತು. ಮ್ಯಾಟು ಬಂದ ಮೇಲೆ ನಾಯಿ ದಪ್ಪವಾಗಲು ಇದೇ ಕಾರಣ. ಅದೇ ಟೇಬಲ್ ಚಮಚ ಮೊಸರಿನಲ್ಲಿ ಒಂಬತ್ತು ಹತ್ತು ಕ್ಯಾಲೊರಿ, ಬೇಯಿಸಿದ ಸಿಹಿಗುಂಬಳದಲ್ಲಿ ಮೂರು.

ದಿನವೂ ಕೊಡುವವರಿಗೆ ಎಲ್ಲಕ್ಕಿಂತ ಒಳ್ಳೆಯದು ನಾಯಿಯ ಊಟವೇ. ಒಂದು ಹೊತ್ತಿನ ಒಣ ಆಹಾರದಲ್ಲಿ ಕಾಲು ಭಾಗ ತೆಗೆದು, ಮುಳುಗುವಷ್ಟು ಬೆಚ್ಚನೆ ನೀರಲ್ಲಿ ಅರ್ಧ ಗಂಟೆ ನೆನೆಸಿ, ಚಮಚದ ಹಿಂಬದಿಯಿಂದ ಹಿಸುಕಿ ಮ್ಯಾಟಿಗೆ ಒತ್ತಿ. ಹೆಚ್ಚಿನ ಕ್ಯಾಲೊರಿ ಸೊನ್ನೆ.

ಬೇರೆ ಹದಗಳು: ಬೇಯಿಸಿ ಹಿಸುಕಿದ ಸಿಹಿಗುಂಬಳ ಮೂರು ಟೇಬಲ್ ಚಮಚಕ್ಕೆ ಒಂದು ಟೇಬಲ್ ಚಮಚ ಮೊಸರು. ಒಂದು ಟೇಬಲ್ ಚಮಚ ರಾಗಿಹಿಟ್ಟನ್ನು ನೂರು ಮಿಲಿಲೀಟರ್ ನೀರಲ್ಲಿ ಕದಡಿ, ಗಂಟಾಗದಂತೆ ಚೆನ್ನಾಗಿ ಬೇಯಿಸಿ ಆರಿಸಿದ ಉಪ್ಪಿಲ್ಲದ ಗಂಜಿ (ಸುಮಾರು ಮೂವತ್ತು ಕ್ಯಾಲೊರಿ). ಮೂಳೆ, ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿಯನ್ನು ಅದೇ ನೀರು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಮುದ್ದೆ ಎರಡು ಟೇಬಲ್ ಚಮಚ. ಮೊಸರು ಎಲ್ಲ ನಾಯಿಗೂ ಒಗ್ಗುವುದಿಲ್ಲ. ಮೊದಲ ಸಲ ಒಂದು ಟೀ ಚಮಚ ಕೊಟ್ಟು ಮರುದಿನದ ಮಲ ನೋಡಿ. ಹಸಿ ಮಾಂಸವನ್ನು ಮ್ಯಾಟಿಗೆ ಸವರಬೇಡಿ, ಆ ಸಂದುಗಳಲ್ಲಿ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಉಳಿದರೆ ನಾಯಿಗೂ ಮನೆಯವರಿಗೂ ಅಪಾಯ. ಪ್ಯಾಂಕ್ರಿಯಾಟೈಟಿಸ್ ಅಂದರೆ ಮೇದೋಜ್ಜೀರಕದ ಉರಿಯೂತ ಒಮ್ಮೆಯಾದರೂ ಬಂದ ನಾಯಿಗೆ ಪೀನಟ್ ಬಟರ್, ಚೀಸ್, ಕೆನೆ ಯಾವುದೂ ಬೇಡ.

ಈಗ ಎಚ್ಚರಿಕೆಯ ಮಾತು. ನಮ್ಮ ಮನೆಗಳಲ್ಲಿ ಮಿಕ್ಕ ಮೊಸರನ್ನವನ್ನು ನಾಯಿಗೆ ಹಾಕುವುದು ರೂಢಿ. ಮ್ಯಾಟಿಗೂ ಅದೇ ಸುಲಭ ಎನಿಸುತ್ತದೆ. ಆದರೆ ಮದುವೆಮನೆಯ, ಹೋಟೆಲಿನ ಮೊಸರನ್ನದಲ್ಲಿ ದ್ರಾಕ್ಷಿ, ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ನಿಲ್ಲಿಸಬಲ್ಲದು, ಇಷ್ಟು ತಿಂದರೆ ಪರವಾಗಿಲ್ಲ ಎನ್ನುವ ಅಳತೆಯಿಲ್ಲ. ಆರಿಸಿ ತೆಗೆದೆವು ಎಂದರೂ ರಸ ಉಳಿದಿರುತ್ತದೆ. ನಾಯಿಗೆ ಬೇಕಾದದ್ದು ಒಗ್ಗರಣೆ, ಉಪ್ಪು ಬೀಳುವ ಮೊದಲು ತೆಗೆದಿಟ್ಟ ಅನ್ನ ಮತ್ತು ಮೊಸರು. ಸಾಂಬಾರು, ಪಲ್ಯದ ರಸ, ಅಂಗಡಿಯ ಸೂಪ್ ಪುಡಿ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ.

ಪೀನಟ್ ಬಟರ್ ಕೊಳ್ಳುವಾಗ ಪದಾರ್ಥಗಳ ಪಟ್ಟಿ ಓದಿ. ಝೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ಆ ಬಾಟಲಿ ಮನೆಗೇ ಬೇಡ. ಸಂಖ್ಯೆಯಲ್ಲಿ ಬರೆದಿದ್ದರೆ ಅದು 967. ತೀರ ಸ್ವಲ್ಪ ತಿಂದರೂ ನಾಯಿಯ ರಕ್ತದ ಸಕ್ಕರೆ ಗಂಟೆಯೊಳಗೆ ಕುಸಿಯಬಹುದು, ಯಕೃತ್ತಿಗೂ ಪೆಟ್ಟು ಬೀಳಬಹುದು. ಮನೆಯಲ್ಲೇ ಮಾಡುವುದಾದರೆ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜವನ್ನು ಉಪ್ಪು, ಬೆಲ್ಲ ಇಲ್ಲದೆ ಎಣ್ಣೆ ಬಿಡುವವರೆಗೆ ಅರೆಯಿರಿ. ಕಡಲೆಕಾಯಿ ಪರಿಷೆಯಲ್ಲಿ ಕೊಂಡು ಡಬ್ಬದಲ್ಲಿ ತಿಂಗಳುಗಟ್ಟಲೆ ಉಳಿದ ಕಾಯಿ ಬೇಡ. ತೇವ ಹಿಡಿದ ಬೀಜದಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

8. ಮೊದಲ ಸಲ ಕೊಡುವುದು

ಸೋಲುವುದು ಇಲ್ಲೇ. ತಂದ ಉತ್ಸಾಹದಲ್ಲಿ ಗುಳಿ ತುಂಬ ತುಂಬಿ, ಫ್ರೀಜರಿನಲ್ಲಿ ಕಲ್ಲು ಮಾಡಿ ಕೊಡುತ್ತಾರೆ. ನಾಯಿ ಎರಡು ಸಲ ನೆಕ್ಕಿ, ಏನೂ ಬಾರದಿದ್ದಾಗ ಹಲ್ಲು ಹಾಕುತ್ತದೆ ಅಥವಾ ಎದ್ದು ಹೋಗುತ್ತದೆ. ಮೊದಲ ಸಲ ಮ್ಯಾಟಿನ ಅರ್ಧ ಭಾಗಕ್ಕೆ ಮಾತ್ರ, ಏಣುಗಳ ತಲೆಯ ಮೇಲೂ ಕಾಣುವಂತೆ, ಎರಡು ಟೀ ಚಮಚ ಸವರಿ. ನಾಯಿಗೆ ಸ್ವಲ್ಪ ಹಸಿವಿರಲಿ, ಮನೆ ಗದ್ದಲವಿಲ್ಲದಿರಲಿ. ಮೂರು ನಿಮಿಷದಲ್ಲಿ ಮುಗಿಯಬೇಕು, ಮುಗಿದ ಮೇಲೆ ನಾಯಿ ಇನ್ನೂ ಬೇಕು ಎಂಬಂತೆ ನೋಡಬೇಕು. ನಾಲ್ಕೈದು ಸಲ ಹೀಗೆ ಆದ ಮೇಲೆ ಗುಳಿಯೊಳಕ್ಕೆ ಒತ್ತಿ ತುಂಬಿ. ಆಮೇಲೆ ಫ್ರೀಜರ್.

ಫ್ರೀಜರಿನಲ್ಲಿ ಸ್ಟೀಲ್ ತಟ್ಟೆಯ ಮೇಲೆ ಚಪ್ಪಟೆಯಾಗಿ ಎರಡರಿಂದ ಮೂರು ಗಂಟೆ ಇಟ್ಟರೆ ಸಾಕು. ಹೊರತೆಗೆದು ಐದು ನಿಮಿಷ ಬಿಟ್ಟು, ಮೇಲ್ಪದರ ಮೆತ್ತಗಾದ ಮೇಲೆ ಕೊಡಿ. ಮಾರ್ಚ್‌ನಿಂದ ಮೇವರೆಗಿನ ಸೆಕೆಯಲ್ಲಿ ಇದು ನಾಯಿಗೆ ನಿಜಕ್ಕೂ ಹಿತ. ಕರೆಂಟು ಹೋಗಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಮತ್ತೆ ಗಟ್ಟಿ ಮಾಡಿ ಕೊಡಬೇಡಿ, ಚೆಲ್ಲಿ. ಮೊಸರು, ಮೊಟ್ಟೆ, ಕೋಳಿ ಸವರಿದ ಮ್ಯಾಟು ಬೇಸಿಗೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊರಗಿರಬಾರದು.

ಮ್ಯಾಟು ಮುಗಿಯುವವರೆಗೆ ಒಬ್ಬರು ಅಲ್ಲೇ ಇರಲೇಬೇಕು. ಹಲ್ಲು ಬದಲಾಗುವ ವಯಸ್ಸಿನ ಮರಿಗಳಿಗೆ, ಅಂದರೆ ಸುಮಾರು ಮೂರೂವರೆಯಿಂದ ಏಳು ತಿಂಗಳವರೆಗೆ, ಒಸಡು ಕಡಿಯುತ್ತಿರುತ್ತದೆ. ಅವು ಕಚ್ಚಿಯೇ ಕಚ್ಚುತ್ತವೆ. ಕಚ್ಚಲು ಶುರುಮಾಡಿದರೆ ಕಿತ್ತುಕೊಳ್ಳಬೇಡಿ, ಬೈಯಬೇಡಿ. ಎರಡಡಿ ದೂರಕ್ಕೆ ಬೇರೆ ತಿಂಡಿ ಹಾಕಿ, ಅದು ಅತ್ತ ಹೋದಾಗ ಮ್ಯಾಟು ತೆಗೆಯಿರಿ. ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆ, ನಡುವೆ ಬಾಗಿಲು ಹಾಕಿರಲಿ. ಮಕ್ಕಳು ನೆಕ್ಕುತ್ತಿರುವ ನಾಯಿಯ ಹತ್ತಿರ ಹೋಗಬಾರದು.

ಉಗುರು, ಸ್ನಾನಕ್ಕೆ ಬಳಸುವವರು ಇದನ್ನು ಗಮನಿಸಿ: ಮ್ಯಾಟು ಬಂದಾಗಲೆಲ್ಲ ಕತ್ತರಿ ಬಂದರೆ ನಾಯಿ ಮ್ಯಾಟಿಗೇ ಹೆದರಲು ಕಲಿಯುತ್ತದೆ. ನಾಲ್ಕು ಸಲ ಸುಮ್ಮನೆ ಕೊಟ್ಟು, ಐದನೆಯ ಸಲ ಒಂದೇ ಉಗುರು ಕತ್ತರಿಸಿ. ನೆಕ್ಕುವುದನ್ನು ನಿಲ್ಲಿಸಿದರೆ ನೀವೂ ಕೂಡಲೇ ಕೈ ನಿಲ್ಲಿಸಿ. ಸಾಕು ಎಂದು ಹೇಳಲು ನಾಯಿಗೆ ಇರುವ ಭಾಷೆ ಅದು.

9. ತೊಳೆಯುವ ಕ್ರಮ

ಮುಗಿದ ಕೂಡಲೇ ಎತ್ತಿ. ಬೆಂಗಳೂರಿನ ಮನೆಗಳಲ್ಲಿ ಹತ್ತು ನಿಮಿಷ ಬಿಟ್ಟರೆ ಇರುವೆ ಸಾಲು ಹಿಡಿಯುತ್ತದೆ. ನಾಯಿ ನೆಕ್ಕುವ ಜಾಗದ ಸುತ್ತ ಇರುವೆ ಚಾಕ್ ಗೀಚಬೇಡಿ, ಅದು ಕೀಟನಾಶಕ.

ಮೊದಲು ತಣ್ಣೀರಿನಲ್ಲಿ ಜಾಲಾಡಿಸಿ. ನೇರ ಬಿಸಿನೀರು ಹಾಕಿದರೆ ಹಾಲು, ಮೊಟ್ಟೆಯ ಅಂಶ ಬೆಂದು ಅಂಟಿಕೊಳ್ಳುತ್ತದೆ. ಆಮೇಲೆ ಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಹತ್ತು ಹದಿನೈದು ನಿಮಿಷ ನೆನೆಸಿ. ಪರಿಮಳ ಕಡಿಮೆಯಿರುವ ದ್ರವ ಆರಿಸಿ, ಸಿಲಿಕೋನ್ ವಾಸನೆ ಹೀರಿಕೊಳ್ಳುತ್ತದೆ. ಮ್ಯಾಟಿಗೆಂದೇ ಇಟ್ಟ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಏಣುಗಳ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಉಜ್ಜಿ. ಹಿಂಬದಿಯ ಕಪ್‌ಗಳ ಒಳಗನ್ನು ಹೆಚ್ಚಿನವರು ಮರೆಯುತ್ತಾರೆ, ಮುಗ್ಗಲು ವಾಸನೆ ಅಲ್ಲಿಂದಲೇ ಶುರು. ಸ್ಟೀಲ್ ನಾರು ಬೇಡ, ಅದು ಮಾಡಿದ ಗೀರುಗಳಲ್ಲಿ ಜಿಡ್ಡು ಮನೆ ಮಾಡುತ್ತದೆ. ಫಿನಾಯಿಲ್, ನೆಲ ಒರೆಸುವ ದ್ರವಗಳನ್ನು ಹತ್ತಿರವೂ ತರಬೇಡಿ.

ಕೊನೆಗೆ ಬೆರಳಾಡಿಸಿ ನೋಡಿ. ಕಿಚಕಿಚ ಎಂದರೆ ಸರಿ. ನುಣ್ಣಗೆ ಜಾರಿದರೆ ಜಿಡ್ಡಿನ ಜೊತೆ ಬ್ಯಾಕ್ಟೀರಿಯಾದ ಪದರವೂ ಕೂತಿದೆ, ಮತ್ತೊಮ್ಮೆ ಸೋಪು ಹಾಕಿ. ವಾರಕ್ಕೊಮ್ಮೆ ಸಿಲಿಕೋನ್ ಮ್ಯಾಟನ್ನು ಐದು ನಿಮಿಷ ಕುದಿಸಬಹುದು. ರಬ್ಬರ್, ಟಿಪಿಆರ್‌ಗೆ ಕೈ ತಡೆಯುವಷ್ಟು ಬಿಸಿನೀರೇ ಮಿತಿ.

ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಬಡಾವಣೆಗಳಲ್ಲಿ ತಿಂಗಳೊಳಗೆ ಮ್ಯಾಟಿನ ಮೇಲೆ ಬಿಳಿ ಪುಡಿಯಂಥ ಪದರ ಕಟ್ಟುತ್ತದೆ. ಬೂಷ್ಟು ಎಂದು ಗಾಬರಿಯಾಗಬೇಡಿ, ಅದು ಗಡಸು ನೀರಿನ ಸುಣ್ಣ. ಆದರೆ ಹಾಗೇ ಬಿಡಬಾರದು, ಆ ಒರಟು ಪದರಕ್ಕೆ ಆಹಾರ ಹೆಚ್ಚು ಅಂಟುತ್ತದೆ. ಒಂದು ಪಾಲು ಬಿಳಿ ವಿನಿಗರ್‌ಗೆ ಎರಡು ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿ, ಉಜ್ಜಿ, ವಿನಿಗರ್ ವಾಸನೆ ಹೋಗುವವರೆಗೆ ಜಾಲಿಸಿ. ಕೊನೆಯ ಜಾಲಾಟಕ್ಕೆ ಕುಡಿಯುವ ನೀರು ಬಳಸಿದರೆ ಪದರ ಕಟ್ಟುವುದು ನಿಧಾನವಾಗುತ್ತದೆ.

ಒಣಗಿಸುವಾಗ ಮಲಗಿಸಬೇಡಿ, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಸಿಲಿಕೋನ್‌ಗೆ ಬಿಸಿಲು ನಡೆಯುತ್ತದೆ, ರಬ್ಬರನ್ನು ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ತಾನಾಗಿ ಒಣಗುವುದಿಲ್ಲ, ಬಟ್ಟೆಯಿಂದ ಒತ್ತಿ ಒರೆಸಿ ಫ್ಯಾನಿನ ಕೆಳಗಿಡಿ. ತೇವವಿರುವಾಗ ಡಬ್ಬದಲ್ಲಿ ಮುಚ್ಚಿಟ್ಟರೆ ಕಪ್ಪು ಚುಕ್ಕೆ ಬರುತ್ತದೆ, ಆ ಚುಕ್ಕೆ ಬಂದ ಮ್ಯಾಟು ಮತ್ತೆ ಬಳಕೆಗಿಲ್ಲ.

10. ಎಸೆಯುವುದು ಯಾವಾಗ, ಆಸ್ಪತ್ರೆಗೆ ಓಡುವುದು ಯಾವಾಗ

ಪ್ರತಿ ಸಲ ತೊಳೆದ ಮೇಲೆ ಬೆಳಕಿಗೆ ಹಿಡಿದು ನೋಡಿ. ಹಲ್ಲಿನ ತೂತು, ಹರಿದ ಅಂಚು, ಕಿತ್ತ ಮೊಳೆ, ಕುದಿಸಿದರೂ ಹೋಗದ ವಾಸನೆ, ಕೈಗೆ ಅಂಟುವಂತಾದ ರಬ್ಬರ್: ಯಾವುದೊಂದು ಕಂಡರೂ ಎಸೆಯಿರಿ. ಹರಿದ ಮೂಲೆಯನ್ನು ಕತ್ತರಿಸಿ ಬಳಸುವುದು ಬೇಡ, ಕತ್ತರಿಸಿದ ಅಂಚಿನಿಂದಲೇ ಅದು ಮತ್ತೆ ಹರಿಯುತ್ತದೆ.

ಮ್ಯಾಟಿನ ಚೂರು ಕಾಣೆಯಾಗಿದ್ದರೆ ಉಳಿದ ಭಾಗಗಳನ್ನು ಜೋಡಿಸಿ ಎಷ್ಟು ಹೋಗಿದೆ ಎಂದು ನೋಡಿ, ಕೂಡಲೇ ಪಶುವೈದ್ಯರಿಗೆ ಫೋನ್ ಮಾಡಿ. ಮನೆಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ, ಉಪ್ಪೇ ವಿಷವಾದೀತು. ಪದೇ ಪದೇ ವಾಂತಿ, ಊಟ ಬಿಡುವುದು, ಮಲ ನಿಲ್ಲುವುದು, ಹೊಟ್ಟೆ ಮುಟ್ಟಿದರೆ ಕುಗ್ಗುವುದು ಕಂಡರೆ ಕರುಳು ಕಟ್ಟಿರಬಹುದು, ಆಗ ಮರುದಿನದವರೆಗೆ ಕಾಯುವಂತಿಲ್ಲ. ಸಿಲಿಕೋನ್, ರಬ್ಬರಿನ ಚೂರು ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣದೆ ಹೋಗಬಹುದು. ಹಾಗಾಗಿ ಉಳಿದ ಮ್ಯಾಟನ್ನು ಜೊತೆಗೇ ಒಯ್ದು ತೋರಿಸಿ, ಸ್ಕ್ಯಾನಿಂಗ್ ಬೇಕೇ ಎಂದು ಕೇಳಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಾರ್ವಜನಿಕರಿಗೆ ಆಸ್ಪತ್ರೆ ಇದೆ. ರಾತ್ರಿ ಹೊತ್ತು ತೆರೆದಿರುವ ಆಸ್ಪತ್ರೆ ನಿಮ್ಮ ಬಡಾವಣೆಗೆ ಹತ್ತಿರ ಯಾವುದೆಂದು ಇಂದೇ ತಿಳಿದುಕೊಂಡು, ಅದರ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ.